ಗಂಟಲು ನೋವಾ? ಮಾತ್ರೆ ನುಂಗೋ ಮುಂಚೆ ಕಾರಣ ತಿಳ್ಕೊಳ್ಳಿ

ಕೋಗಳಿ: ಮೈಲಾರದಲ್ಲಿ ‘ಏಳುಕೋಟಿ’ ಎಂದು ಕೂಗಿ ಬಂದವರು, ಕೊಟ್ಟೂರು ತೇರಿನ ಜನಜಂಗುಳಿಯಲ್ಲಿ ಓಡಾಡಿದವರು, ಹರಪನಹಳ್ಳಿ ಕಡೆ ಮೆಕ್ಕೆಜೋಳ ಒಕ್ಕಣೆ ಮಾಡಿ ದೂಳು ಕುಡಿದವರು, ಎಲ್ಲರೂ ಮರುದಿನ ಹೇಳೋದು ಒಂದೇ ಮಾತು: ‘ಗಂಟಲು ಹಿಡ್ಕೊಂಡೈತಿ, ಉಗುಳು ನುಂಗಾಕ ಆಗವಲ್ದು’. ನಮ್ಮ ಹುಡುಗರು ಸೀದಾ ಮೆಡಿಕಲ್ ಶಾಪ್‌ಗೆ ಹೋಗಿ ಆಂಟಿಬಯೋಟಿಕ್ ಎರಡು ಮಾತ್ರೆ ಕತ್ತರಿಸಿಕೊಂಡು ಬರ್ತಾರೆ. ಆದರೆ ಎಲ್ಲ ಗಂಟಲು ನೋವೂ ಒಂದೇ ಅಲ್ಲ. ಯುವಕ ಯುವತಿಯರಲ್ಲಿ ಕಾಣುವ ಕಾರಣಗಳು ಇಲ್ಲಿವೆ.

ವೈರಸ್: ಹೆಚ್ಚಿನವರಿಗೆ ಬರೋದು ಇದೇ. ಮೂಗು ಸೋರುವುದು, ಕೆಮ್ಮು, ದನಿ ಒಡೆಯುವುದು ಜೊತೆಗಿದ್ದರೆ ಬಹುತೇಕ ನೆಗಡಿಯ ವೈರಸ್. ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗೇ ಇಳಿಯುತ್ತೆ. ಆಂಟಿಬಯೋಟಿಕ್ ಇದಕ್ಕೆ ಕೆಲಸ ಮಾಡಲ್ಲ.

ಸ್ಟ್ರೆಪ್ ಬ್ಯಾಕ್ಟೀರಿಯಾ: ದೊಡ್ಡವರ ಗಂಟಲು ನೋವಿನಲ್ಲಿ ಇದು ನೂರಕ್ಕೆ 5ರಿಂದ 15ರಷ್ಟು ಮಾತ್ರ. ಕೆಮ್ಮು ಇರಲ್ಲ. ಜ್ವರ, ಕತ್ತಿನಲ್ಲಿ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಕಲೆ ಇರುತ್ತೆ. ಇದಕ್ಕೆ ಆಂಟಿಬಯೋಟಿಕ್ ಬೇಕು, ಡಾಕ್ಟರ್ ಬರೆದಷ್ಟು ದಿನವೂ ಬೇಕು. ಅರ್ಧಕ್ಕೆ ಬಿಟ್ಟರೆ ಕೆಲವರಿಗೆ, ಅದರಲ್ಲೂ ಮಕ್ಕಳು ಮತ್ತು ಹರೆಯದವರಿಗೆ, ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಬಹುದು.

ಎಂಜಲಿನಿಂದ ಹರಡುವ ಮೋನೋ: ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುತ್ತೆ. 15ರಿಂದ 24ರ ವಯಸ್ಸಿನವರಲ್ಲಿ ಹೆಚ್ಚು. ಹಾಸ್ಟೆಲ್‌ನಲ್ಲಿ ಒಂದೇ ಬಾಟ್ಲಿಗೆ ನಾಲ್ಕು ಜನ ಬಾಯಿ ಹಚ್ಚಿದರೂ ಹರಡಬಹುದು. ವಾರಗಟ್ಟಲೆ ಸುಸ್ತು ಇರುತ್ತೆ. ಹೊಟ್ಟೆಯ ಎಡಗಡೆ ಇರುವ ಗುಲ್ಮ ಊದಿಕೊಳ್ಳುವುದರಿಂದ ಡಾಕ್ಟರ್ ಹೇಳುವವರೆಗೂ ಕಬಡ್ಡಿ ಬೇಡ. ಪೆಟ್ಟು ಬಿದ್ದರೆ ಒಡೆಯಬಹುದು. ಈ ಕಾಯಿಲೆಯಲ್ಲಿ ಅಮಾಕ್ಸಿಸಿಲಿನ್ ನುಂಗಿದರೆ ಹಲವರಿಗೆ ಮೈತುಂಬ ಗಂಧೆ ಏಳುತ್ತೆ.

ಗಂಟಲಮಾರಿ: ಡಿಫ್ತೀರಿಯಾ ಅಂತಾರೆ. ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತೆ. 10 ಮತ್ತು 16ನೇ ವಯಸ್ಸಿಗೆ ಕೊಡುವ ಟಿಡಿ ಚುಚ್ಚುಮದ್ದು ಇದಕ್ಕೇ ಇರೋದು. ಹಾಕಿಸಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಸೋಂಕಿಲ್ಲದ ಕಾರಣ: ದೂಳು, ಕೂಗಾಟ, ಬೀಡಿ, ಗುಟ್ಕಾ. ರಾತ್ರಿ ತಡವಾಗಿ ಮಂಡಕ್ಕಿ-ಮಿರ್ಚಿ ತಿಂದು ಹಾಗೇ ಮಲಗಿದರೂ ಹೊಟ್ಟೆಯ ಆಮ್ಲ ಮೇಲೆ ಬಂದು ಬೆಳಗ್ಗೆ ಗಂಟಲು ಉರಿಯುತ್ತೆ.

ಮನೆಯಲ್ಲಿ ಏನು ಮಾಡಬಹುದು?
ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಂಟಲು ಗಳಗಳ ಮಾಡಿ, ನೀರು ಹೆಚ್ಚು ಕುಡಿಯಿರಿ. ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ತಡ ಮಾಡದೆ ಆಸ್ಪತ್ರೆಗೆ ಯಾವಾಗ?
* ಉಸಿರಾಡೋಕೆ ಕಷ್ಟ, ಜೊಲ್ಲು ಸುರಿಯುವುದು
* ಬಾಯಿ ತೆರೆಯೋಕೆ ಆಗದೆ ಒಂದೇ ಕಡೆ ವಿಪರೀತ ನೋವು. ಟಾನ್ಸಿಲ್ ಪಕ್ಕ ಕೀವು ತುಂಬಿರಬಹುದು
* ಗಂಟಲಲ್ಲಿ ಬೂದು ಪೊರೆ

ಇಂಥ ಸಂದರ್ಭದಲ್ಲಿ 108ಕ್ಕೆ ಫೋನ್ ಮಾಡಿ. ವಾರ ಕಳೆದರೂ ನೋವು ಇಳಿಯದಿದ್ದರೆ ಡಾಕ್ಟರ್‌ಗೆ ತೋರಿಸಿ. ಗುಟ್ಕಾ, ಬೀಡಿ ಚಟ ಇರುವವರಿಗೆ ಮೂರು ವಾರ ದಾಟಿದರೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಲೇಬೇಕು. ಮುಂಚೆ ಯಾವ ಮಾತ್ರೆ ನುಂಗಿದ್ದೀರೋ ಅದರ ಖಾಲಿ ಶೀಟ್ ಜೊತೆಗೆ ಒಯ್ಯಿರಿ. ನಾಚಿಕೊಳ್ಳದೆ ತೋರಿಸಿ.