ಕಾಲಾಣೆ ಕಾರ್ಡು, ಊರೆಲ್ಲ ಕೇಳಿದ ಕ್ಷೇಮ

ಇವತ್ತಿನದು ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದ ಕಾಗದಗಳ ಕಥೆ.

1879ರ ಜುಲೈ 1ರಂದು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ ಪೋಸ್ಟ್‌ಕಾರ್ಡ್ ತಂದಿತು. ಬೆಲೆ ಕಾಲಾಣೆ. ಅಂದ್ರೆ ರೂಪಾಯಿಗೆ 64 ಕಾರ್ಡು! ಮುಚ್ಚಿದ ಲಕೋಟೆಗೆ ಕನಿಷ್ಠ ಅರ್ಧ ಆಣೆ. ಮೈಸೂರಿನ ಸ್ವಂತ ಅಂಚೆ 1889ರಲ್ಲಿ ಈ ಇಲಾಖೆಗೇ ಸೇರಿಹೋಯ್ತು.

ಮೈಸೂರು ಸೀಮೆಗೆ ಆಗಷ್ಟೇ 1876–78ರ ಬರ ಬಡಿದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ದೂರದಲ್ಲಿರೋ ಮಗ ಬದುಕಿದ್ದಾನಾ ಅನ್ನೋದೇ ದೊಡ್ಡ ಸುದ್ದಿ.

ಆದ್ರೆ ಹಳ್ಳಿಯಲ್ಲಿ ಓದು ಬಲ್ಲವರು ತುಂಬಾ ಕಮ್ಮಿ. ಅವ್ವ ಹೇಳಿದ್ದನ್ನ ಶಾನುಭೋಗರೋ ಮೇಷ್ಟ್ರೋ ಬರೀಬೇಕು. ಆ ಕಡೆ ಇನ್ಯಾರೋ ಗಟ್ಟಿಯಾಗಿ ಓದಬೇಕು. ಕಾರ್ಡಂತೂ ಪೂರ್ತಿ ಬಯಲು. ಸಾಲ, ಹಸಿವು, ಸೊಸೆಯ ಕಣ್ಣೀರು ಇದನ್ನೆಲ್ಲ ಎಲ್ಲರೆದುರು ಹೇಳೋಕಾಗುತ್ತಾ? ಅದಕ್ಕೇ ಮಳೆ, ರಾಗಿ, ದನದ ಮಾತು, ಜೊತೆಗೆ ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅನ್ನೋ ಸಿದ್ಧ ಸಾಲು.

ಇನ್ನೊಂದು ಸಂಗತಿ. ಸಾವಿನ ಕಾಗದ ಓದಿದ ಕೂಡ್ಲೇ ಹರಿದು ಹಾಕೋದು ಅನೇಕ ಮನೆಗಳ ರೂಢಿ. ಹಾಗಾಗಿ ತೊಲೆಯ ಕಂಬಿಗೆ ಚುಚ್ಚಿಟ್ಟ ಕಾಗದಗಳಲ್ಲಿ ಹೆಚ್ಚಾಗಿ ಉಳಿದದ್ದು ಕ್ಷೇಮ. ಅದನ್ನೇ ನಂಬಿ ‘ಆಗಿನ ಕಾಲ ಎಷ್ಟು ನೆಮ್ಮದಿ’ ಅನ್ನಬೇಡಿ.

ನಿಮ್ಮನೇಲಿ ಹಳೇ ಕಾಗದದ ಕಟ್ಟು ಇದ್ರೆ, ತಾರೀಖಿನ ಪ್ರಕಾರ ಜೋಡಿಸಿ. ಕ್ಷೇಮ ಕೇಳೋ ಹೆಸರುಗಳ ಸಾಲಲ್ಲಿ ಯಾವ ಹೆಸರು ಇದ್ದಕ್ಕಿದ್ದಂತೆ ನಿಂತುಹೋಗಿದೆ, ಅದನ್ನ ಹುಡುಕಿ. ಹರಿದು ಹಾಕಿದ ಕಾಗದದ ಗುರುತು ಅಲ್ಲಿ ಸಿಗಬಹುದು.