ಗೊರಾಯಿಯ ದೋಣಿ, ಬಿಡದಿಯ ರಜೆ

1989ರಲ್ಲಿ ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ಶುರುವಾದಾಗ ಖಾಡಿ ದಾಟುವ ದೋಣಿಯೇ ಅರ್ಧ ಸಂಭ್ರಮ. 1998ರಲ್ಲಿ ಪಕ್ಕದಲ್ಲೇ ವಾಟರ್ ಕಿಂಗ್‌ಡಮ್ ಬಂತು. ನಮ್ಮವರು ಬೆಳಿಗ್ಗೆ ಹೋಗಿ ಸಂಜೆ ಮರಳುತ್ತಿದ್ದರು. ತಂಗುವ ಮಾತು ಬಂದದ್ದು ಆಮೇಲೆ. ಖೋಪೋಲಿಯ ಇಮ್ಯಾಜಿಕಾ 2013ರಲ್ಲಿ ತೆರೆಯಿತು, 2015ರಲ್ಲಿ ಹೋಟೆಲೂ ಸೇರಿತು.

ಇದರಲ್ಲಿ ನಮ್ಮ ಬಿಡದಿಯೇ ಮುಂದು! ಸ್ಟೆಬಿಲೈಸರ್ ಮಾರುತ್ತಿದ್ದ ವಿ-ಗಾರ್ಡ್‌ನ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, 2005ರಲ್ಲಿ ಮೈಸೂರು ರಸ್ತೆಯಲ್ಲಿ ವಂಡರ್‌ಲಾ ಕಟ್ಟಿದರು. 2012ರಲ್ಲಿ ಅಲ್ಲಿ ರೆಸಾರ್ಟೂ ಆಯಿತು.

ಮಕ್ಕಳು ಖೋಪೋಲಿ ಎನ್ನುತ್ತವೆ, ಹತ್ತಿರವೂ ಹೌದು. ನನ್ನ ಓಟು ಬಿಡದಿಗೆ. ಊರಿನಿಂದ ಅಜ್ಜಿಯನ್ನೂ ಕರೆಸಿಕೊಳ್ಳಬಹುದು, ಎರಡು ದಿನ ಮಕ್ಕಳ ಕಿವಿಗೆ ಕನ್ನಡ ಬೀಳುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಮಾತ್ರ ಈಗಲೇ ಟಿಕೆಟ್ ಮಾಡಿಸಿ, ಮೇ ತಿಂಗಳಲ್ಲಿ ಸೀಟು ಸಿಗುವುದು ಕಷ್ಟ.