ಅಡಿಗಿಷ್ಟು ಎಂಬ ಲೆಕ್ಕ

1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ವನ್ನು ನಾವು ಕನ್ನಡ ವಿದ್ಯಾರ್ಥಿಗಳು ಪರೀಕ್ಷೆಗೆ ಬೇಕಾದಷ್ಟೇ ನೆನಪಿಟ್ಟುಕೊಳ್ಳುತ್ತೇವೆ: ಕನ್ನಡದ ವಿಶ್ವಕೋಶದಂಥ ಕೃತಿ, ಅಷ್ಟೆ. ಅಡುಗೆ, ಸುಗಂಧ, ವಿಷವೈದ್ಯಗಳ ಜೊತೆಗೆ ಅದರಲ್ಲಿ ನೆಲದಡಿಯ ನೀರನ್ನು ಪತ್ತೆಹಚ್ಚುವ ವಿದ್ಯೆಯೂ ಇದೆ. ಸಂಸ್ಕೃತದಲ್ಲಿ ಇದಕ್ಕೆ ದಕಾರ್ಗಲ ಎಂದು ಹೆಸರು. ಆರನೆಯ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಇದಕ್ಕೇ ಒಂದು ದೊಡ್ಡ ಅಧ್ಯಾಯ ಮೀಸಲಿಟ್ಟಿದ್ದಾನೆ. ನೇರಳೆ ಮರದ ಪೂರ್ವಕ್ಕೆ, ಹತ್ತಿರದಲ್ಲೇ ಹುತ್ತವಿದ್ದರೆ ದಕ್ಷಿಣದ ಮಗ್ಗುಲಲ್ಲಿ ಎರಡು ಪುರುಷ ಆಳಕ್ಕೆ ಸಿಹಿನೀರು ಸಿಗುತ್ತದೆ ಎನ್ನುತ್ತಾನೆ. ಕೈಯೆತ್ತಿ ನಿಂತ ಮನುಷ್ಯನ ಎತ್ತರವೇ ಒಂದು ಪುರುಷ, ಸುಮಾರು ಏಳೂವರೆ ಅಡಿ. ನಮ್ಮ ಹಳ್ಳಿಗಳಲ್ಲಿ 'ಮೂರಾಳು ಆಳ' ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಹುತ್ತದ ಮಾತನ್ನು ನಂಬುವುದು ಬಿಡುವುದು ಬೇರೆ ವಿಷಯ. ನನ್ನನ್ನು ಹಿಡಿದದ್ದು ಅದರ ಮುಂದಿನ ಮಾತು. ಅರ್ಧ ಪುರುಷ ತೋಡುವಾಗ ಒಂದು ಮೀನು, ಪಾರಿವಾಳದ ಬಣ್ಣದ ಕಲ್ಲು, ನೀಲಿ ಮಣ್ಣು ಸಿಗುತ್ತವೆ ಎಂದು ಅವನು ಪಟ್ಟಿ ಕೊಡುತ್ತಾನೆ. ನೀರಿಗೆ ಮೊದಲು ಏನೇನು ಎದುರಾಗುತ್ತದೆ ಎಂಬುದನ್ನೂ ಬರೆದಿಡಬೇಕು ಅನ್ನಿಸಿತ್ತು ಆ ಕಾಲದವರಿಗೆ.

ನನ್ನ ಸಂಶೋಧನೆ ಕೋಲಾರ ಸೀಮೆಯ ಕೆರೆ ಬಾವಿಗಳ ಬಗ್ಗೆ. ಕೆರೆಗಳ ಮಟ್ಟಿಗೆ ನಾನು ಪುಣ್ಯವಂತ. ಬಿ.ಎಲ್. ರೈಸ್ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ. ಯಾರು ಕಟ್ಟಿಸಿದರು, ಯಾರಿಗೆ ಗದ್ದೆ ಬಿಟ್ಟರು ಎಂದು ಕಲ್ಲುಗಳೇ ಹೇಳುತ್ತವೆ. ತೆರೆದ ಬಾವಿಗೂ ಸಾಕ್ಷಿಗಳಿವೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಎತ್ತು ಹೂಡಿ ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಬಾವಿಯೇ ಒಂದು ದಾಖಲೆ. ಬಗ್ಗಿ ನೋಡಿದರೆ ಮೇಲೆ ಕೆಮ್ಮಣ್ಣು, ಅದರಡಿ ಗರಸು, ಆಮೇಲೆ ಕೈಯಲ್ಲಿ ಉದುರುವ ಕೊಳೆತ ಕಲ್ಲು, ತಳದಲ್ಲಿ ಗಟ್ಟಿ ಬಂಡೆ. ಬಾವಿ ತೋಡುತ್ತಿದ್ದ ಬೋವಿ ಜನ ಇದನ್ನೆಲ್ಲ ಬರಿಗಣ್ಣಿನಿಂದ ಕಂಡವರು. ಒರತೆ ಯಾವ ಮಗ್ಗುಲಿನಿಂದ ಬಂತು ಎಂಬುದು ಅವರಿಗೂ ಗೊತ್ತು, ಜಮೀನಿನವನಿಗೂ ಗೊತ್ತು.

ಕೊಳವೆ ಬಾವಿಗೆ ಬಂದರೆ ಈ ಸಾಕ್ಷಿಗಳೆಲ್ಲ ಕೈಕೊಡುತ್ತವೆ.

ಗಟ್ಟಿ ಕಲ್ಲಿನಲ್ಲಿ ಕೊರೆಯುವುದು ಮೊದಲು ವಾರಗಟ್ಟಲೆಯ ಕೆಲಸ. 1966–67ರ ಬಿಹಾರದ ಬರಗಾಲದಲ್ಲಿ ಯುನಿಸೆಫ್ ಸಂಸ್ಥೆ ವಿಮಾನದಲ್ಲಿ ಕೊರೆಯುವ ಯಂತ್ರಗಳನ್ನು ತರಿಸಿತು. ಒತ್ತಿದ ಗಾಳಿಯಿಂದ ಸುತ್ತಿಗೆಯನ್ನು ತೂತಿನ ತಳದಲ್ಲೇ ಬಡಿಸುವ ತಂತ್ರ ದಕ್ಷಿಣದ ಬಂಡೆ ನೆಲಕ್ಕೆ ಹೇಳಿ ಮಾಡಿಸಿದಂತಿತ್ತು. ಮೊದಲು ಕುಡಿಯುವ ನೀರಿಗೆ ಕೈಪಂಪು; ಹಳ್ಳಿಯವರ ಬಾಯಲ್ಲಿ ಇಂದಿಗೂ ಅದು 'ಬೋರಿಂಗು'. ಆಮೇಲೆ ಹೊಲಕ್ಕೆ ಸಬ್‌ಮರ್ಸಿಬಲ್ ಮೋಟಾರು. ತಮಿಳುನಾಡಿನ ತಿರುಚೆಂಗೋಡು ಎಂಬ ಊರು ಈ ರಿಗ್ ಲಾರಿಗಳಿಂದಲೇ ಹೆಸರಾಯಿತು.

ಕೋಲಾರದಲ್ಲಿ ಕೊರೆಯಬೇಕಾದ ಕಲ್ಲು ಯಾವುದು? ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಅದರ ಮೇಲೆ ನಿಂತಿದ್ದಾರೆ. ಪೆನಿನ್ಸುಲರ್ ನೈಸ್, ಸುಮಾರು 300 ಕೋಟಿ ವರ್ಷ ಹಳೆಯದು. ಮರಳು ನೆಲದಲ್ಲಿ ಕಣಗಳ ನಡುವೆ ನೀರು ನಿಲ್ಲುತ್ತದೆ. ಈ ಕಲ್ಲಿನ ಮೈಯಲ್ಲಿ ಆ ಜಾಗವಿಲ್ಲ. ನೀರಿರುವುದು ಮೇಲಿನ ಕೊಳೆತ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳ, ಇರುವವೂ ಬಿಗಿ. ಹಳೆಯ ಬಾವಿಗಳು ಬದುಕಿದ್ದು ಮೇಲಿನ ಪದರದಲ್ಲಿ. ಕೆರೆ ತುಂಬಿದರೆ ಅಚ್ಚುಕಟ್ಟಿನ ಬಾವಿಗಳಿಗೆ ಒರತೆ, ಒಣಗಿದರೆ ಇಲ್ಲ. ಮೇಲಿನ ಪದರ ಬತ್ತಿದ ಮೇಲೆ ಸಾವಿರ ಅಡಿ ದಾಟಿ ಹುಡುಕುವುದೆಂದರೆ ಎಂದೋ ಬಿರುಕಿನಲ್ಲಿ ಸೇರಿಕೊಂಡ ಸ್ವಲ್ಪ ನೀರನ್ನು ಹುಡುಕುವುದು. ಅದಕ್ಕೆ ಫ್ಲೋರೈಡೂ ಜೊತೆಯಾಗುತ್ತದೆ.

ಇಷ್ಟನ್ನು ಓದಿ ತಿಳಿದಿದ್ದ ನಾನು, ಚಿಕ್ಕಪ್ಪ ಬೋರ್ ಹಾಕಿಸಿದ ರಾತ್ರಿ ಹೊಲದಲ್ಲಿದ್ದೆ. ಪಾಯಿಂಟ್ ನೋಡುವವರು ಹಗಲೇ ಬಂದು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆದು, ಕಾಯಿ ಎದ್ದು ನಿಂತ ಕಡೆ ಕಲ್ಲು ನೆಟ್ಟು ಹೋಗಿದ್ದರು. ನೆಲಕ್ಕೆ ಕರೆಂಟು ಹಾಯಿಸಿ ಅಳೆಯುವ ಭೂವಿಜ್ಞಾನಿಯನ್ನೂ ಕರೆಸೋಣ ಎಂದಿದ್ದೆ. "ಅವರು ಹೇಳಿದ ಕಡೇನೂ ಎಷ್ಟೋ ಫೇಲ್ ಆಗಿವೆ ಬಿಡಪ್ಪ" ಎಂದರು ಚಿಕ್ಕಪ್ಪ. ಅದು ಸುಳ್ಳೂ ಅಲ್ಲ. ಆ ಅಳತೆ ಕೊಳೆತ ಪದರದ ದಪ್ಪವನ್ನು ಚೆನ್ನಾಗಿ ಹೇಳೀತು. ಸಾವಿರ ಅಡಿ ಕೆಳಗಿನ ಬೆರಳಗಲದ ಬಿರುಕನ್ನು ಹೇಗೆ ತೋರಿಸೀತು?

ಕೊರೆತ ಶುರುವಾದ ಮೇಲೆ ಮಾತೆಲ್ಲ ಅಡಿಯದೇ. ಮುನ್ನೂರು ಅಡಿಯವರೆಗೆ ಒಂದು ದರ, ಆಮೇಲೆ ನೂರು ನೂರು ಅಡಿಗೆ ಏರುವ ದರ. ಕೇಸಿಂಗ್ ಪೈಪು ಬೇರೆ. ಮೊದಲು ಕೆಂಪು ಪುಡಿ, ಆಮೇಲೆ ಬೂದು, ನಡುವೆ ಸ್ವಲ್ಪ ಹೊತ್ತು ಕಪ್ಪು, ಮತ್ತೆ ಬಿಳಿ. ಬಣ್ಣ ಬದಲಾದಾಗಲೆಲ್ಲ ಹೊಲದಲ್ಲಿದ್ದವರು ಎದ್ದು ನಿಲ್ಲುತ್ತಿದ್ದರು. ಏಳುನೂರರ ಹತ್ತಿರ ಪುಡಿ ಒದ್ದೆಯಾಗಿ ಬಂತು, ಮತ್ತೆ ಒಣಗಿತು. "ಇಷ್ಟು ದೂರ ಬಂದಾಯ್ತು, ಇನ್ನೊಂದು ನೂರಡಿ ಬಿಡ್ರಪ್ಪ" ಎಂಬ ಮಾತನ್ನು ಚಿಕ್ಕಪ್ಪ ಆ ರಾತ್ರಿ ನಾಲ್ಕು ಸಲ ಹೇಳಿದರು. ಪ್ರತಿ ಸಲವೂ ಏಜೆಂಟು ಅದನ್ನು ತಮಿಳಿಗೆ ದಾಟಿಸಿದ. 1,150ಕ್ಕೆ ನಿಲ್ಲಿಸಿದಾಗ ಸಿಕ್ಕಿದ್ದು ಬೆಳ್ಳನೆಯ ದೂಳು.

ಕೊರೆದವರು ಮೋಸ ಮಾಡಲಿಲ್ಲ. ಒಪ್ಪಿದ ಕೆಲಸ ತೂತು ಕೊರೆಯುವುದು, ಕೊರೆದರು. ಚಿಕ್ಕಪ್ಪನಿಗೆ ಬೇಕಿದ್ದದ್ದು ನೀರು, ಅವರು ಬಾಡಿಗೆಗೆ ಹಿಡಿದದ್ದು ಅಡಿ. ಕಲ್ಲಿನ ಅನಿಶ್ಚಿತತೆಯ ಪೂರ್ತಿ ಖರ್ಚು ಜಮೀನಿನವನದೇ ಎಂಬ ಕರಾರು ಆ ದರಪಟ್ಟಿಯೊಳಗೇ ಇದೆ. ಆಳಕ್ಕೆ ಹೋದಷ್ಟೂ ಅವನ ಆಸೆ ಕಡಿಮೆಯಾಗಬೇಕು ಎನ್ನುತ್ತದೆ ಕಲ್ಲು. ಖರ್ಚಾದ ದುಡ್ಡು ಅದಕ್ಕೆ ವಿರುದ್ಧ ಹೇಳುತ್ತದೆ. ಗೆಲ್ಲುವುದು ದುಡ್ಡಿನ ಮಾತೇ.

ಇದೇ ಜಿಲ್ಲೆಯಲ್ಲಿ ನೆಲದೊಳಗನ್ನು ಅಂಗುಲ ಅಂಗುಲ ಬರೆದಿಟ್ಟ ಇನ್ನೊಂದು ಚರಿತ್ರೆಯೂ ಇದೆ. ಕೆಜಿಎಫ್‌ನಲ್ಲಿ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದರು. 2001ರಲ್ಲಿ ಮುಚ್ಚುವವರೆಗೆ ಪದರ ಪದರದ ನಕ್ಷೆ ಮಾಡಿದರು. 1894ರಲ್ಲಿ ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮುಖ್ಯಸ್ಥರಾದ ರಾಬರ್ಟ್ ಬ್ರೂಸ್ ಫೂಟ್ ಅವರಿಗೂ ಖನಿಜವೇ ದೊಡ್ಡ ಕೆಲಸ. ನೀರಿಗೂ ಈಗ ಸರ್ಕಾರದ ವೀಕ್ಷಣಾ ಬಾವಿಗಳಿವೆ; 2011ರ ಅಂತರ್ಜಲ ಕಾಯ್ದೆಯೂ ಇದೆ. ಆದರೆ ಹೊಲ ಹೊಲದಲ್ಲಿ ಕೊರೆದ ತೂತುಗಳಿಂದ ಮೇಲೆದ್ದ ಪುಡಿಯ ಮಾಹಿತಿ, ಅದರಲ್ಲೂ ಫೇಲಾದವುಗಳದು, ಬಹುಪಾಲು ಮಳೆಗೆ ತೊಳೆದುಹೋಗಿದೆ. ಪಕ್ಕದ ಹೊಲದವನಿಗೆ ಬೇಕಿದ್ದದ್ದು ಅದೇ.

ಹೀಗಾಗಿ ಈಗ ಊರೂರಿನಲ್ಲಿ ಬೋರಿನ ಬಿಲ್ಲು ಕೇಳುತ್ತಿದ್ದೇನೆ. ಪಂಚಾಂಗದೊಳಗೆ, ಪಹಣಿ ಇಟ್ಟ ಪ್ಲಾಸ್ಟಿಕ್ ಕವರಿನಲ್ಲಿ, ಸಾಲದ ಪತ್ರದ ಜೊತೆ ಪಿನ್ನು ಹೊಡೆದು ಇಟ್ಟಿರುತ್ತಾರೆ. ಅದರಲ್ಲಿ ಒಟ್ಟು ಅಡಿ, ಕೇಸಿಂಗ್ ಅಡಿ, ದರ, ಮೊತ್ತ ಇರುತ್ತವೆ. ಕೇಸಿಂಗ್ ಅಡಿ ನನಗೆ ಬಂಗಾರ: ಮೇಲಿನ ಸಡಿಲ ಪದರ ಎಷ್ಟು ದಪ್ಪ ಎಂದು ತಿಳಿಯುವುದು ಅದರಿಂದಲೇ. ಪುಡಿಯ ಬಣ್ಣ ಬಿಲ್ಲಿನಲ್ಲಿ ಇರುವುದಿಲ್ಲ. ಅದನ್ನು ಮನೆಯ ಹೆಂಗಸರನ್ನು ಕೇಳಬೇಕು; ಬಟ್ಟೆ ಒಗೆದವರು ಅವರು. "ಆರುನೂರರಲ್ಲಿ ಕರೀ ಪುಡಿ ಬಂದಿತ್ತು, ನಿಮ್ಮ ತಾತನ ಪಂಚೆ ಬಿಳೀನೇ ಆಗಲಿಲ್ಲ" ಎಂದರು ಒಬ್ಬ ಅಜ್ಜಿ. ಬಿಲ್ಲಿನ ನಕಲಿನ ಪಕ್ಕದಲ್ಲಿ ಬರೆದುಕೊಂಡೆ: 600 ಅಡಿ, ಕಪ್ಪು.